ಬ್ಲೆಂಡರ್‌ನಲ್ಲಿ ಎಚ್‌ಎಫ್-24 ಮಾರುತ್ ಯುದ್ಧ ವಿಮಾನದ 3ಡಿ ಮಾದರಿ ಮಾಡುತ್ತಿದ್ದೇನೆ, ಏರ್ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗುವ ಬಾಯಿ) ಹತ್ತಿರ ಮೈ ಸುಕ್ಕುಗಟ್ಟುತ್ತಿದೆ. ಏನು ತಪ್ಪು?

ಹಾಸನದಲ್ಲಿ ಓದುತ್ತಿದ್ದೀರಿ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ನೆಟ್‌ನಲ್ಲಿ ಸಿಕ್ಕ ಡ್ರಾಯಿಂಗ್, ಇನ್‌ಟೇಕ್ ಕತ್ತರಿಸಲು ಬೂಲಿಯನ್ (ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಟೂಲ್) ಬಳಸಿದ್ದೀರಿ ಅಂತ ಬರೆದಿದ್ದೀರಿ. ಸುಕ್ಕಿನ ಮೂಲ ಆ ಬೂಲಿಯನ್ನೇ. ಆದರೆ ಮೊದಲು ಡ್ರಾಯಿಂಗ್ ನೋಡೋಣ.

ಮಾರುತ್ ಮಾರ್ಕ್ 1ರ ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್, ಉದ್ದ 15.87 ಮೀಟರ್. ಮೇಲಿನ ನೋಟದಲ್ಲಿ ಎರಡನ್ನೂ ಪಿಕ್ಸೆಲ್‌ನಲ್ಲಿ ಅಳೆದು ಭಾಗಿಸಿ. 1.76ರ ಆಸುಪಾಸು ಬರದಿದ್ದರೆ ಚಿತ್ರ ಒಂದು ಕಡೆಗೆ ಎಳೆದುಕೊಂಡಿದೆ. ಮೂತಿಯ ಪಿಟೋ ಕಡ್ಡಿಯನ್ನು (ವೇಗ ಅಳೆಯುವ ಕೊಳವೆ) ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಅದಕ್ಕೇ ಸ್ಕೇಲನ್ನು ರೆಕ್ಕೆಗೆ ಹೊಂದಿಸಿ, ಉದ್ದಕ್ಕಲ್ಲ.

ಈ ವಿಮಾನದ ಚೆಲುವೆಲ್ಲ ಸೊಂಟದಲ್ಲಿದೆ. ಶಬ್ದದ ವೇಗದ ಹತ್ತಿರ ಗಾಳಿಯ ಎಳೆತ ತಗ್ಗಲೆಂದು ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ತಂಡ ರೆಕ್ಕೆ ಕೂಡುವಲ್ಲಿ ಮೈಯನ್ನು ಒಳಕ್ಕೆ ತೆಗೆದಿದೆ. ಬೇಲೂರಿನ ಕಂಬದ ಹಾಗೆ ತಿರುಗಿಸಿ ಕಡೆದ ಆಕಾರ ಇದಲ್ಲ, ಸ್ಪಿನ್ ಟೂಲ್ ಮುಟ್ಟಬೇಡಿ. 24 ಮುಖದ ಸಿಲಿಂಡರ್ ತೆಗೆದುಕೊಂಡು ಅರ್ಧ ಅಳಿಸಿ, ಮಿರರ್ ಹಾಕಿ (ಉಳಿದರ್ಧವನ್ನು ಅದೇ ಮೂಡಿಸುತ್ತದೆ), ಕ್ಲಿಪಿಂಗ್ ಆನ್ ಮಾಡಿ (ನಡುಗೆರೆ ಬಿಚ್ಚಿಕೊಳ್ಳುವುದಿಲ್ಲ). ಸೊಂಟದಲ್ಲಿ ಲೂಪ್ (ಮೈ ಸುತ್ತುವ ಎಡ್ಜ್‌ಗಳ ಸಾಲು) ಒತ್ತಾಗಿರಲಿ, ಬೇರೆಡೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್‌ಟೇಕ್ ಕತ್ತರಿಸುವುದಲ್ಲ, ಬೆಳೆಸುವುದು. ಪಕ್ಕದ 4 ಸಾಲು ಫೇಸ್‌ಗಳನ್ನು ಹೊರಕ್ಕೆ ಎಕ್ಸ್‌ಟ್ರೂಡ್ ಮಾಡಿ. ಮುಂದೆ ಏಳುವ ಗೋಡೆಯೇ ಇನ್‌ಟೇಕ್ ಬಾಯಿ. ಅದನ್ನು ಇನ್‌ಸೆಟ್ ಮಾಡಿ (ಒಳಗೊಂದು ಚಿಕ್ಕ ಫೇಸ್ ಮೂಡಿಸಿ) ಹಿಂದಕ್ಕೆ ತಳ್ಳಿ. ತುಟಿಗೆ ಒಂದಕ್ಕೊಂದು ಅಂಟಿದಂತೆ ಎರಡು ಲೂಪ್ ಸಾಕು. ಬಾಯಿಯ ಮೇಲಿನ, ಕೆಳಗಿನ ಮೂಲೆಯಲ್ಲಿ ಐದು ಎಡ್ಜ್ ಕೂಡುವ ವರ್ಟೆಕ್ಸ್ ಹುಟ್ಟುತ್ತದೆ. ಅದು ತುಟಿಯ ಮೇಲೇ ಕೂತರೆ ಸಬ್‌ಡಿವಿಷನ್ (ಮೈಯನ್ನು ನಯಗೊಳಿಸುವ ಮಾಡಿಫೈಯರ್) ಅಲ್ಲಿ ಚಿವುಟಿದಂತೆ ಮಾಡುತ್ತದೆ. ಚಪ್ಪಟೆ ಜಾಗಕ್ಕೆ ಒಂದು ಫೇಸ್ ಹಿಂದೆ ಸರಿಸಿ. ಬಾಯೊಳಗಿನ ಅರ್ಧ ಕೋನ್ ಬೇರೆ ಆಬ್ಜೆಕ್ಟ್ ಆಗಿರಲಿ. ಸಬ್‌ಡಿವಿಷನ್ ವ್ಯೂಪೋರ್ಟ್‌ನಲ್ಲಿ 1, ರೆಂಡರ್‌ನಲ್ಲಿ 2.

ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಅಲುಗುವ ಪಟ್ಟಿ) ತಿರುಗಿಸುವ ಮೊದಲು ಮಿರರ್ ಅಪ್ಲೈ ಮಾಡಿ ಎಡ ಬಲ ಬೇರ್ಪಡಿಸಿ, ಇಲ್ಲದಿದ್ದರೆ ಎರಡೂ ಒಟ್ಟಿಗೆ ಮೇಲೇಳುತ್ತವೆ. ರೆಕ್ಕೆ ಹಿಂದಕ್ಕೆ ಬಾಗಿರುವುದರಿಂದ ಒರಿಜಿನ್ (ತಿರುಗುವ ಕೇಂದ್ರ) ಅನ್ನು ಹಿಂಜ್ ಮೇಲೆ ಇಟ್ಟರಷ್ಟೇ ಸಾಲದು, ಲೋಕಲ್ ಆಕ್ಸಿಸ್ ಕೂಡ ಹಿಂಜ್ ಗೆರೆಗೆ ಹೊಂದಬೇಕು.

ರಿವೆಟ್‌ಗಳನ್ನು ಜಾಮೆಟ್ರಿಯಲ್ಲಿ ಮಾಡಿದರೆ ಲ್ಯಾಪ್‌ಟಾಪ್ ಕೈಕೊಡುತ್ತದೆ. ಟೆಕ್ಸ್ಚರ್‌ನಲ್ಲೂ ಲೆಕ್ಕ ಹಾಕಿ: 4096 ಪಿಕ್ಸೆಲ್‌ನಲ್ಲಿ ಪೂರ್ತಿ ಉದ್ದ ಹರಡಿದರೆ ಒಂದು ಪಿಕ್ಸೆಲ್ ಸುಮಾರು 3.9 ಮಿ.ಮೀ. ರಿವೆಟ್ ತಲೆ ಬರೀ ಚುಕ್ಕೆ. ಪ್ಯಾನೆಲ್ ಗೆರೆ ಮಾತ್ರ ಉಬ್ಬುತಗ್ಗಿನಂತೆ ಕಾಣಿಸುವ ಬಂಪ್‌ನಲ್ಲಿ ಕೊಡಿ, ರಿವೆಟ್ ಕಾಕ್‌ಪಿಟ್ ಸುತ್ತ ಇದ್ದರೆ ಸಾಕು.

ಫೋಟೋಗೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ ಬನ್ನಿ, ಅಲ್ಲಿ ಅಸಲಿ ಮಾರುತ್ ಇದೆ. ಫೋನಿನ ಮಾಮೂಲಿ ಲೆನ್ಸ್‌ನಲ್ಲಿ ಹತ್ತಿರದಿಂದ ತೆಗೆದರೆ ಮೂತಿ ಊದಿಕೊಂಡು ಕಾಣುತ್ತದೆ. ಆದಷ್ಟು ದೂರ ನಿಂತು ಜೂಮ್ ಮಾಡಿ. ನೆಟ್‌ನ ಫೋಟೋಗಳಲ್ಲಿ ಎರಡು ಸೀಟಿನ ಟ್ರೇನರ್ ಸೇರಿಕೊಂಡಿರುತ್ತದೆ, ಹುಷಾರು. ಹಿಂದಿನ ಸೀಟಿಗಾಗಿ ಹೊಟ್ಟೆಯೊಳಗಿನ ರಾಕೆಟ್ ಪ್ಯಾಕ್ ತೆಗೆದ ಮಾದರಿ ಅದು, ಕೆಳಭಾಗಕ್ಕೆ ಅದನ್ನು ನೋಡಿ ಬರೆಯಬೇಡಿ.