ಬರೆಯುವವರ ಪ್ರಶ್ನೋತ್ತರ: ಯುದ್ಧಕಾಲದ ಬಡ ಮನೆ

ಪ್ರಶ್ನೆ: 1941ರ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ನಡೆಯುವ ಕಾದಂಬರಿ ಬರೆಯುತ್ತಿದ್ದೇನೆ. ಅಪ್ಪ ಬಂದರಿನ ಕೂಲಿ, ಮಗಳಿಗೆ ಒಬ್ಬ ಸಿಪಾಯಿಯ ಮೇಲೆ ಪ್ರೀತಿ. ಪಡಿತರದ ಬ್ರೆಡ್ ಮುಗಿದು ಮನೆಯವರೆಲ್ಲ ಹಸಿದು ಮಲಗುವ ದೃಶ್ಯವಿದೆ. ಇದು ಸರಿಯೇ? ಮದುವೆಯನ್ನು ಹೇಗೆ ಬರೆಯಲಿ?

ಉತ್ತರ: ಹಸಿವು ಇರಲಿ, ಕಾರಣ ಬದಲಾಗಬೇಕು. ಯುದ್ಧ ನಡೆಯುತ್ತಿದ್ದಾಗ ಬ್ರಿಟನ್ನಿನಲ್ಲಿ ಬ್ರೆಡ್‌ಗೆ ಪಡಿತರವೇ ಇರಲಿಲ್ಲ. ಅದು ಬಂದದ್ದು 1946ರ ಜುಲೈನಲ್ಲಿ. ಆಲೂಗಡ್ಡೆ, ಮೀನಿಗೂ ಇರಲಿಲ್ಲ.

ನಮ್ಮ ನ್ಯಾಯಬೆಲೆ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾರಿ ತಪ್ಪುತ್ತೀರಿ. ಅಲ್ಲಿನ ಪಡಿತರ ಬಡವರಿಗೆಂದು ಕೊಟ್ಟದ್ದಲ್ಲ, ಬಡವ ಬಲ್ಲಿದರಿಬ್ಬರಿಗೂ ಹಾಕಿದ ಮಿತಿ. ವಾರಕ್ಕೆ ತಲೆಗೆ 2 ಔನ್ಸ್ (57 ಗ್ರಾಂ) ಚಹಾಪುಡಿ, 2 ಔನ್ಸ್ ಬೆಣ್ಣೆ, 8 ಔನ್ಸ್ ಸಕ್ಕರೆ. ಹೆಸರು ನೋಂದಾಯಿಸಿದ ಅಂಗಡಿಯಲ್ಲೇ ದುಡ್ಡು ಕೊಟ್ಟು ಕೊಳ್ಳಬೇಕು. ದುಡ್ಡಿಲ್ಲದ ಮನೆಯಲ್ಲಿ ಪಡಿತರ ಪುಸ್ತಕದ ಕೂಪನ್ ಹಾಗೇ ಉಳಿಯುತ್ತದೆ. ನಿಮ್ಮ ದೃಶ್ಯದ ನೋವು ಅಲ್ಲಿದೆ.

ಮಾಂಸದ ಮಿತಿ ಮಾತ್ರ ತೂಕದಲ್ಲಲ್ಲ, ಬೆಲೆಯಲ್ಲಿ: ಆಗ ತಲೆಗೆ ವಾರಕ್ಕೆ ಸುಮಾರು ಒಂದು ಶಿಲಿಂಗ್ (ಪೌಂಡಿನ ಇಪ್ಪತ್ತನೇ ಒಂದು ಭಾಗ). ಅಗ್ಗದ ತುಂಡು ಆರಿಸಿದರೆ ಹೆಚ್ಚು ತೂಕ ಸಿಗುತ್ತದೆ. ತಾಯಿಯ ಜಾಣತನ ತೋರಿಸಲು ಇಷ್ಟು ಸಾಕು. ಬಂದರಿನ ಕೂಲಿಗೆ ಕೆಲಸ ಸಿಗುತ್ತಿದ್ದದ್ದು ಅರ್ಧ ದಿನದ ಲೆಕ್ಕದಲ್ಲಿ, ಆದ್ದರಿಂದ ವಾರದ ಆದಾಯ ನೆಚ್ಚುವಂತಿರಲಿಲ್ಲ. ಸೋಮವಾರ ಅಪ್ಪನ ಭಾನುವಾರದ ಸೂಟು ಗಿರವಿ ಅಂಗಡಿಗೆ, ಕೂಲಿ ಕೈಗೆ ಬಂದರೆ ಶನಿವಾರ ಬಿಡಿಸುವುದು. ಹೊತ್ತೊಯ್ಯುತ್ತಿದ್ದವರು ಸಾಮಾನ್ಯವಾಗಿ ಹೆಂಗಸರು.

ಮದುವೆಯ ತಾರೀಕು ಮೊದಲು ಗಟ್ಟಿಮಾಡಿಕೊಳ್ಳಿ. ಬಟ್ಟೆಗೆ ಪಡಿತರ ಬಂದದ್ದು 1941ರ ಜೂನ್ 1ರಂದು. ಅದಕ್ಕೂ ಮುಂಚೆ ಅಡ್ಡಿಯೆಂದರೆ ದುಡ್ಡು ಮಾತ್ರ. ಆಮೇಲೆ ಮೊದಲ ವರ್ಷಕ್ಕೆ ತಲೆಗೆ 66 ಕೂಪನ್. ಉಣ್ಣೆಯ ಉಡುಪಿಗೆ 11, ಹೆಂಗಸರ ಬೂಟಿಗೆ 5. ಬಡ ಮನೆಗಳು ತಮ್ಮ ಕೂಪನ್‌ಗಳನ್ನು ಉಳ್ಳವರಿಗೆ ಮಾರುತ್ತಿದ್ದದ್ದುಂಟು, ಕಾನೂನುಬಾಹಿರವಾದರೂ. ಬಾಡಿಗೆ ಕಟ್ಟಲು ತಾಯಿ ಮಗಳ ಕೂಪನ್ ಮಾರಿದಳೆಂದರೆ ಪ್ರೀತಿಯೂ ಬಡತನವೂ ಒಂದೇ ಅಧ್ಯಾಯದಲ್ಲಿ ಎದುರಾಗುತ್ತವೆ. ಬಾಂಬ್ ದಾಳಿಯ ಇನ್ನೊಂದು ದೃಶ್ಯಕ್ಕಿಂತ ಇದು ಎಷ್ಟೋ ಬಲವಾದದ್ದು. ಉಡುಪನ್ನು ಎರವಲು ತರಿಸಿ, ಆಗ ಅದು ಮಾಮೂಲು. ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಬೇಡ, 1940ರಲ್ಲೇ ನಿಷೇಧವಾಗಿತ್ತು. ಚಿಕ್ಕ ಕೇಕಿನ ಮೇಲೆ ಅಲಂಕರಿಸಿದ ರಟ್ಟಿನ ಮುಚ್ಚಳ ಇಡುತ್ತಿದ್ದರು.