ಬಾಸ್ಟನ್ ದಾರಿಯ ಕೆಂಪು ಕುದುರೆ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆವು. ಅಳಿಯ ನಮ್ಮನ್ನು ಬಾಸ್ಟನ್ ಹತ್ತಿರದ ಸಡ್ಬರಿ ಊರಿನ ‘ವೇಸೈಡ್ ಇನ್’ಗೆ ಕರೆದುಕೊಂಡು ಹೋದರು. 1716ರ ಹೋಟೆಲಂತೆ. ಪಕ್ಕದಲ್ಲಿ ನೀರಿನ ಚಕ್ರದ ಗಿರಣಿ, ಕೆಂಪು ಬಣ್ಣದ ಶಾಲೆ, ಬಿಳಿ ಚರ್ಚು. ಎಲ್ಲವೂ ಬ್ರಿಟಿಷರ ಕಾಲದ್ದೇನಾ?
– ಎಂ. ಎಸ್., ಸಾಗರ

ಉತ್ತರ: ಗಿರಣಿ 1929ರದ್ದು. ಚರ್ಚು ಇನ್ನೂ ಈಚಿನದು, 1938ರ ಬಿರುಗಾಳಿಗೆ ಬಿದ್ದ ಮರಗಳಿಂದ ಕಟ್ಟಿದ್ದು. ಶಾಲೆ ಹಳೆಯದೇ, ಆದರೆ ಅಲ್ಲಿಯದಲ್ಲ. ಸ್ಟರ್ಲಿಂಗ್ ಎಂಬ ಬೇರೆ ಊರಿನಿಂದ ತಂದು ನಿಲ್ಲಿಸಿದ್ದು. ‘ಮೇರಿ ಹ್ಯಾಡ್ ಎ ಲಿಟಲ್ ಲ್ಯಾಂಬ್’ ಪದ್ಯದ ಮೇರಿ ಕುರಿಮರಿ ಜೊತೆ ಹೋಗಿದ್ದ ಶಾಲೆ ಅದೇ ಅಂತ ತಂದವರ ನಂಬಿಕೆ. ಆ ಬಗ್ಗೆ ಜಗಳ ಇವತ್ತಿಗೂ ಇದೆ.

ತಂದವರು, ಕಟ್ಟಿಸಿದವರು ಎಲ್ಲ ಹೆನ್ರಿ ಫೋರ್ಡ್. ಹೌದು, ಕಾರಿನ ಫೋರ್ಡೇ. 1923ರಲ್ಲಿ ಈ ಇನ್ ಕೊಂಡುಕೊಂಡರು. ಸುತ್ತಲಿನ ಜಮೀನನ್ನೂ ಖರೀದಿ ಮಾಡುತ್ತಾ ಹೋದರು. ಅವರಿಗೆ ಹಳೇ ಅಮೆರಿಕದ ಒಂದು ಊರನ್ನೇ ಅಲ್ಲಿ ನಿಲ್ಲಿಸಬೇಕಿತ್ತು. ಮನೆ ಎದುರಿನ ಹಳೇ ರಸ್ತೆಯಲ್ಲಿ ಕಾರು, ಲಾರಿಗಳ ಓಡಾಟ ಜಾಸ್ತಿಯಾಗಿ ಕಟ್ಟಡ ಅದುರುತ್ತದೆ ಅಂತ ಹೆದ್ದಾರಿಯನ್ನೇ ಬಳಸು ದಾರಿಗೆ ತಿರುಗಿಸಿದರು, ಅದೂ ಸ್ವಂತ ಖರ್ಚಿನಲ್ಲಿ. ಇಷ್ಟೊಂದು ಕಾರುಗಳನ್ನು ರಸ್ತೆಗೆ ಬಿಟ್ಟವರು ಯಾರು ಅಂತ ಆ ಊರಿನವರು ಕೇಳಲಿಲ್ಲವೇನೋ!

ಬೇಜಾರು ಮಾಡಿಕೊಳ್ಳಬೇಡಿ, ಇನ್ನಿನ ಕಥೆ ನಿಜವೇ. ಡೇವಿಡ್ ಹೋವ್ ಎಂಬಾತ ತನ್ನ ಎರಡು ಕೋಣೆಯ ಮನೆಯಲ್ಲಿ ದಾರಿಹೋಕರನ್ನು ಇಳಿಸಿಕೊಳ್ಳಲು ಲೈಸೆನ್ಸ್ ಪಡೆದದ್ದು 1716ರಲ್ಲೇ. ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಹೋಗುವ ಅಂಚೆ ದಾರಿ ಮನೆ ಮುಂದೆಯೇ ಇತ್ತು. ಮಗ ಎಜಿಕಿಯೆಲ್ ಮನೆ ದೊಡ್ಡದು ಮಾಡಿ ಕೆಂಪು ಕುದುರೆಯ ಬೋರ್ಡು ತೂಗು ಹಾಕಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ಸಡ್ಬರಿಯ ಜನರನ್ನು ಕಟ್ಟಿಕೊಂಡು ಕಾಂಕರ್ಡ್‌ಗೆ ಬ್ರಿಟಿಷರ ಮೇಲೆ ಹೋದವನೂ ಇವನೇ. ಆ ಕಾಲದಲ್ಲಿ ಟ್ಯಾವರ್ನ್ ನಡೆಸುವವನು ಊರಿನ ಗಣ್ಯ. ದಂಡು ಕೂಡಿಸುವುದು ಅವನಿಗೆ ಕಷ್ಟವಲ್ಲ.

ಪ್ರಶ್ನೆ: ಟ್ಯಾವರ್ನ್ ಎಂದರೆ ಹೆಂಡದಂಗಡಿ ತಾನೇ? ಅದನ್ನು ನಡೆಸುವವನು ಗಣ್ಯ ಹೇಗಾದ?
– ಅದೇ ಓದುಗರು

ಉತ್ತರ: ಹೆಂಡ ಇತ್ತು, ಧಾರಾಳವಾಗೇ ಇತ್ತು. ಆದರೆ ಊಟ, ಹಾಸಿಗೆ, ಕುದುರೆಗೆ ಹುಲ್ಲು ಕೊಡದೆ ಸುಮ್ನೆ ಹೆಂಡ ಮಾರಿಕೊಂಡು ಕೂರುವ ಹಾಗಿರಲಿಲ್ಲ. ಬಾಸ್ಟನ್, ಸಡ್ಬರಿ ಎಲ್ಲ ಸೇರಿದ ಮ್ಯಾಸಚೂಸೆಟ್ಸಿನ ಶಾಸನ ಸಭೆ 1656ರಲ್ಲಿ ಕಾನೂನೇ ಮಾಡಿತ್ತು: ಪ್ರತಿ ಊರಿನಲ್ಲೂ ಒಂದು ತಂಗುಮನೆ ಇರಬೇಕು, ಇಲ್ಲದಿದ್ದರೆ ಊರಿಗೇ ದಂಡ. ಅದೇ ಸರ್ಕಾರ, ಊರಿನವರು ಅಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕುಡಿಯುತ್ತಾ ಕೂತರೆ ತಪ್ಪು ಅಂತಲೂ ಬರೆದಿಟ್ಟಿತ್ತು. ಗಡಿಯಾರವೇ ಅಪರೂಪವಾಗಿದ್ದ ಊರಲ್ಲಿ ಅರ್ಧ ಗಂಟೆ ಅಳೆಯುತ್ತಿದ್ದವರು ಯಾರೋ ದೇವರೇ ಬಲ್ಲ.

ಊಟ ನಮ್ಮ ಮೆಸ್ಸಿನ ಹಾಗೆ: ಹೊತ್ತಿಗೆ ಸರಿಯಾಗಿ, ಮಾಡಿದ್ದೇ ಅಡುಗೆ, ಎಲ್ಲರಿಗೂ ಒಂದೇ ದರ. ಹಾಸಿಗೆ ಮಾತ್ರ ಪೂರ್ತಿ ನಿಮ್ಮದಲ್ಲ. ಗುರುತಿಲ್ಲದವನ ಪಕ್ಕ ಮಲಗಬೇಕು, ನಡುರಾತ್ರಿ ಇನ್ನೊಬ್ಬ ಬಂದರೆ ಜರುಗಬೇಕು. ಸಾರಾ ಕೆಂಬಲ್ ನೈಟ್ ಎಂಬ ಬಾಸ್ಟನ್ನಿನ ಹೆಂಗಸು 1704ರಲ್ಲಿ ಕುದುರೆ ಏರಿ ನ್ಯೂಯಾರ್ಕಿಗೆ ಹೋಗಿದ್ದರು. ದಾರಿ ಬೇರೆ, ಆದರೆ ತಂಗುಮನೆಗಳು ಇಂಥವೇ. ಒಂದು ರಾತ್ರಿ ಪಕ್ಕದ ಕೋಣೆಯಲ್ಲಿ ಕುಡುಕರ ವಾದ ಮುಗಿಯಲೇ ಇಲ್ಲ. ನಿದ್ದೆ ಕೆಟ್ಟ ಆಕೆ ಎದ್ದು ಕೂತು, ‘ಇವರನ್ನು ಬೇಗ ಮಲಗಿಸಪ್ಪಾ’ ಅಂತ ರಮ್ಮಿಗೇ ಬೇಡಿಕೊಂಡು ಪದ್ಯ ಬರೆದರು. ಆ ಕಾಲದ ಟ್ಯಾವರ್ನ್ ಹೇಗಿತ್ತು ಅಂತ ತಿಳಿಯಲು ನನಗೆ ಇವರಿಗಿಂತ ಒಳ್ಳೆ ಸಾಕ್ಷಿ ಬೇಡ.

ಮೆಚ್ಚಿನ ಪಾನೀಯ ‘ಫ್ಲಿಪ್’. ಬಿಯರಿಗೆ ಕಾಕಂಬಿ ಅಥವಾ ಸಕ್ಕರೆ, ಮೇಲೆ ರಮ್. ಒಲೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಸಲಾಕೆಯನ್ನು ಅದರೊಳಗೆ ಅದ್ದಿದರೆ ಚುಂಯ್ ಅಂತ ನೊರೆ ಏಳುತ್ತದೆ, ಕೊಂಚ ಸುಟ್ಟ ರುಚಿ ಬರುತ್ತದೆ. ಚಳಿಗಾಲದಲ್ಲಿ ಹತ್ತಾರು ಮೈಲಿ ಕುದುರೆ ಮೇಲೆ ಬಂದವನಿಗೆ ಹೇಗಿದ್ದಿರಬೇಕು! ಆ ರಮ್ಮಿನ ಕಾಕಂಬಿ ಕೆರಿಬಿಯನ್ ದ್ವೀಪಗಳಿಂದ ಬರುತ್ತಿತ್ತು. ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಹೋಟೆಲಿನವರು ಹಳೇ ದಿನಗಳ ಸೊಗಸು ಹೇಳುವಾಗ ಈ ಮಾತನ್ನೂ ಸೇರಿಸಿದರೆ ಒಳ್ಳೆಯದು.

ಇನ್ನು ಗಣ್ಯತೆ. ಅಂಚೆ ಬರುವುದು ಅಲ್ಲಿಗೆ, ಪತ್ರಿಕೆ ಗಟ್ಟಿಯಾಗಿ ಓದುವುದು ಅಲ್ಲಿ, ಹರಾಜು, ಪಂಚಾಯ್ತಿ, ಕವಾಯತು ಮುಗಿಸಿದ ದಂಡಿನವರ ದಾಹ, ಎಲ್ಲ ಅಲ್ಲೇ. ಲೈಸೆನ್ಸ್ ಕೊಡುತ್ತಿದ್ದದ್ದು ಕೋರ್ಟು. ಹೆಸರು ಕೆಟ್ಟವನಿಗೆ ಅದು ಸಿಗುವುದು ಸುಲಭವಿರಲಿಲ್ಲ.

ಪ್ರಶ್ನೆ: ಅಮೆರಿಕದಲ್ಲೇ ಅತಿ ಹಳೇ ಹೋಟೆಲ್ ಅನ್ನುವುದು ನಿಜವೇ?
– ಕೆ. ಆರ್., ದಾವಣಗೆರೆ

ಉತ್ತರ: ಅತಿ ಹಳೆಯವುಗಳಲ್ಲಿ ಒಂದು ಅನ್ನಿ, ಸಾಕು. ನ್ಯೂಪೋರ್ಟಿನ ವೈಟ್ ಹಾರ್ಸ್ ಟ್ಯಾವರ್ನ್ 1673ರ ಲೆಕ್ಕ ಹೇಳುತ್ತದೆ. ವೇಸೈಡ್ ಇನ್ನಿನ ಲೆಕ್ಕದಲ್ಲಿ ನಡುವೆ ದೊಡ್ಡ ಬಿಡುವೂ ಇದೆ. 1835ರಲ್ಲಿ ಬಾಸ್ಟನ್–ವೂಸ್ಟರ್ ರೈಲು ಬಂತು, ದಾರಿಯಲ್ಲಿ ಕುದುರೆ ಗಾಡಿ ಕಡಿಮೆಯಾಯಿತು. ನಾಲ್ಕನೇ ತಲೆಮಾರಿನ ಲೈಮನ್ ಹೋವ್ ಮದುವೆಯಾಗದೆ 1861ರಲ್ಲಿ ತೀರಿಕೊಂಡ. ಅಲ್ಲಿಗೆ ವ್ಯಾಪಾರ ನಿಂತಿತು. ಎಡ್ವರ್ಡ್ ಲೆಮನ್ ಎಂಬ ಉಣ್ಣೆ ವ್ಯಾಪಾರಿ ಕೊಂಡು ಮತ್ತೆ ಬಾಗಿಲು ತೆಗೆದದ್ದು 1897ರಲ್ಲಿ. ಮೇಲಿಂದ 1955ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಮನೆಯ ಬಹುಭಾಗ ಸುಟ್ಟಿತು. ಫೋರ್ಡ್ ಫೌಂಡೇಶನ್ನಿನ ಹಣದಲ್ಲಿ ಅದನ್ನು ಮತ್ತೆ ಕಟ್ಟಿ 1958ರಲ್ಲಿ ತೆರೆದರು.

ಪ್ರಶ್ನೆ: ಕವಿ ಲಾಂಗ್‌ಫೆಲೋ ಅಲ್ಲೇ ಕೂತು ಕವನ ಬರೆದರಂತೆ?
– ಅದೇ ಓದುಗರು

ಉತ್ತರ: ಇಲ್ಲ. ಅವರು 1862ರಲ್ಲಿ ಹೋಗಿ ನೋಡಿ ಬಂದರು, ಅಷ್ಟೇ. ಆಗಲೇ ಲೈಮನ್ ಇಲ್ಲ, ಮನೆ ಹಾಳು ಬಿದ್ದಿತ್ತು. ಮುಂದಿನ ವರ್ಷ ಬಂದ ‘ಟೇಲ್ಸ್ ಆಫ್ ಎ ವೇಸೈಡ್ ಇನ್’ ಪುಸ್ತಕದಲ್ಲಿ ಗೆಳೆಯರೆಲ್ಲ ಒಲೆ ಸುತ್ತ ಕೂತು ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ. ಮೊದಲ ಸರದಿ ಹೋಟೆಲ್ ಮಾಲೀಕನದು: ಬ್ರಿಟಿಷ್ ದಂಡು ಬರುತ್ತಿದೆ ಅಂತ ಎಚ್ಚರಿಸಲು ಪಾಲ್ ರಿವಿಯರ್ ಎಂಬಾತ 1775ರ ಆ ಕಾಳಗದ ಹಿಂದಿನ ರಾತ್ರಿ ಕುದುರೆ ಓಡಿಸಿದ ಕಥೆ. ಆ ಕವನದಲ್ಲಿ ರಿವಿಯರ್ ಕಾಂಕರ್ಡ್ ಮುಟ್ಟುತ್ತಾನೆ. ನಿಜದಲ್ಲಿ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಸುದ್ದಿ ಮುಟ್ಟಿಸಿದವನು ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಎಂಬ ವೈದ್ಯ. ಪಾಪ, ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

‘ವೇಸೈಡ್ ಇನ್’ ಎಂಬ ಹೆಸರೂ ಈ ಪುಸ್ತಕದಿಂದಲೇ ಬಂದದ್ದು. ಅದಕ್ಕೆ ಮೊದಲು ಅದು ಕೆಂಪು ಕುದುರೆ ಟ್ಯಾವರ್ನ್.

ಪ್ರಶ್ನೆ: ಅಲ್ಲಿ ದೆವ್ವ ಇದೆಯಂತೆ, ಹೌದಾ?
– ಎಂ. ಎಸ್. ಅವರ ಮೊಮ್ಮಗಳು

ಉತ್ತರ: ಲೈಮನ್‌ನ ಅಕ್ಕ ಜೆರೂಷಾ ಹೋವ್ ವಿಷಯ ಕೇಳಿದ್ದೀಯ ಅಲ್ವಾ ಪುಟ್ಟಿ? ಆಕೆ 1842ರಲ್ಲಿ ತೀರಿಕೊಂಡವಳು. ಪಿಯಾನೋ ನುಡಿಸುತ್ತಿದ್ದಳು, ಮದುವೆಯಾಗಲಿಲ್ಲ. ಅವಳ ಕೋಣೆಯಲ್ಲಿ ತಂಗಿದವರು ಚೀಟಿ ಬರೆದು ಮೇಜಿನ ಡ್ರಾಯರಿನಲ್ಲಿ, ತೊಲೆ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಾರೆ. ಮುಂದಿನ ಸಲ ಹೋದಾಗ ಅಮ್ಮನಿಗೆ ಹೇಳಿ ಆ ಕೋಣೆಯನ್ನೇ ಕೇಳು. ನೀನೂ ಒಂದು ಚೀಟಿ ಬರೆದಿಡು, ಕನ್ನಡದಲ್ಲಿ.