ಬೇಸ್ ಗುಂಯ್‌ಗುಟ್ಟಿದರೆ ಆಂಪ್ಲಿಫೈಯರ್ ಬದಲಿಸಬೇಕೆ?

ಪ್ರಶ್ನೆ: ಕುವೆಂಪುನಗರದಲ್ಲಿ ನಮ್ಮ ಮನೆ. ಹಾಡು ಕೇಳುವ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಸೂರೂ ಹತ್ತಡಿ ಎತ್ತರ. ಸ್ಪೀಕರ್ ಎರಡೂ ಮೂಲೆಗಳಲ್ಲಿವೆ. ಎದುರು ಗೋಡೆಗೆ ತಾಗಿದ ದಿವಾನದ ಮೇಲೆ ಕೂತು ಕೇಳುತ್ತೇನೆ. ಬೇಸ್ (ತಗ್ಗು ಸ್ವರದ) ಗಿಟಾರಿನ ಒಂದೆರಡು ಸ್ವರ ಗುಂಯ್ ಅಂತ ಕೋಣೆಯೆಲ್ಲ ತುಂಬುತ್ತವೆ, ಪಕ್ಕದ ಸ್ವರ ಕೇಳಿಸುವುದೇ ಇಲ್ಲ. ಅಂಗಡಿಯವರು ಆಂಪ್ಲಿಫೈಯರ್ ಬದಲಿಸಿ ಅನ್ನುತ್ತಾರೆ. ಗೋಡೆಗೆ ಫೋಮ್ ಹಾಳೆ ಅಂಟಿಸಿದರೆ ಸಾಕಾ?
– ಓದುಗರು, ಮೈಸೂರು

ಉತ್ತರ: ಎರಡೂ ಬೇಡ. ಆಂಪ್ಲಿಫೈಯರ್ ತಪ್ಪಾಗಿದ್ದರೆ ಎಲ್ಲ ಸ್ವರವೂ ಕೆಡಬೇಕಿತ್ತು. ಒಂದೆರಡು ಮಾತ್ರ ಉಬ್ಬುತ್ತಿವೆ ಅಂದರೆ ಅದು ಕೋಣೆಯದೇ ಕೆಲಸ.

ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ನಿಮ್ಮ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ಬರಲು 20 ಅಡಿ. ಭಾಗಿಸಿ ನೋಡಿ, 56 ಚಿಲ್ಲರೆ. 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ) ಆಸುಪಾಸಿನ ಸ್ವರ ಬಂದಾಗ ಹೋಗುವ ಅಲೆಯೂ ಬರುವ ಅಲೆಯೂ ಕೂಡಿಕೊಂಡು ಉಬ್ಬುತ್ತವೆ. ಬೇಸ್ ಗಿಟಾರಿನ ಎ ತಂತಿಯ ಬಿಡಿ ಸ್ವರ 55 ಹರ್ಟ್ಸ್, ಅಲ್ಲಿಗೆ ಸರಿಹೋಯಿತು! ಉದ್ದ, ಅಗಲ, ಎತ್ತರ ಬೇರೆ ಬೇರೆ ಆಗಿದ್ದರೆ ಈ ಉಬ್ಬು ಮೂರು ಕಡೆ ಹಂಚಿಹೋಗುತ್ತಿತ್ತು. ನಿಮ್ಮಲ್ಲಿ ಮೂರೂ ಒಂದೇ ಸ್ವರದ ಮೇಲೆ ಬಿದ್ದಿವೆ.

ಹಳೆಯ ಹೆಂಚಿನ ಮನೆಗಳಲ್ಲಿ ಈ ಕಾಟ ಕಡಿಮೆ. ಹೆಂಚಿನ ಸಂದಿಯಲ್ಲಿ ಬೇಸ್ ಹೊರಗೆ ಹೋಗಿಬಿಡುತ್ತದೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು ಅದನ್ನು ಒಳಗೇ ಹಿಡಿದಿಡುತ್ತವೆ.

ಈಗ ದಿವಾನ ಎಳೆಯಿರಿ. ಗೋಡೆಯ ಪಕ್ಕ ಬೇಸ್ ಅತಿ ಜಾಸ್ತಿ, ಕೋಣೆಯ ನಟ್ಟನಡುವೆ ಆ ಸ್ವರ ಮಾಯ. ಎರಡೂ ಬೇಡ. ನಿಮ್ಮ ಕಿವಿ ಹಿಂದಿನ ಗೋಡೆಯಿಂದ ಮೂರೂವರೆ ಅಡಿ ಮುಂದಿರಲಿ. ಸ್ಪೀಕರ್‌ಗಳನ್ನು ಮೂಲೆಯಿಂದ ಬಿಡಿಸಿ, ಗೋಡೆಯಿಂದ ಒಂದೂವರೆ ಎರಡಡಿ ಈಚೆಗೆ ತನ್ನಿ. ಆಮೇಲೆ ಒಂದೊಂದು ಗೇಣು ಸರಿಸುತ್ತಾ ಕೇಳಿ. ನಾನು ಇದಕ್ಕೆ ಮೃದಂಗದ ತನಿ ಆವರ್ತನ ಹಾಕುತ್ತೇನೆ. ಎಡಗೈಯ ಗುಮ್ಕಿಯಲ್ಲಿ ನಾದ ಬಾಗಿ ಮೇಲೇರುತ್ತದಲ್ಲ, ಆ ಜಾರು ಉದ್ದಕ್ಕೂ ಒಂದೇ ಸಮನಾಗಿ ಕೇಳಬೇಕು. ಕೆಟ್ಟ ಜಾಗದಲ್ಲಿ ಕೂತರೆ ಆರಂಭ ದಪ್ಪಗೆ ಕೇಳಿ, ನಡುವೆ ಕಳಚಿಹೋಗುತ್ತದೆ. ಅಷ್ಟು ಚೆಂದದ ಬೆರಳುಗಾರಿಕೆ ಗೋಡೆಯ ಪಾಲಾಗುವುದು ನನಗೆ ನಿಜಕ್ಕೂ ಸಂಕಟ.

ಫೋಮ್ ವಿಷಯ: 56 ಹರ್ಟ್ಸ್ ಅಲೆಯ ಉದ್ದ 20 ಅಡಿ. ಒಂದಿಂಚಿನ ಹಾಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ತಾಳದ ಕಿಣಿಕಿಣಿಯನ್ನು ನುಂಗುತ್ತದೆ, ಆಗ ಗುಂಯ್ ಇನ್ನೂ ಎದ್ದು ಕಾಣುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಕಥೆಯೂ ಅಷ್ಟೇ. ದುಡ್ಡು ಹಾಕುವುದಾದರೆ ರಾಕ್‌ವೂಲ್‌ಗೆ (ಕಲ್ಲಿನ ನೂಲಿನ ಹಾಸು) ಹಾಕಿ. ಕನಿಷ್ಠ ಆರಿಂಚು ದಪ್ಪ, ಮೂಲೆಗೆ ಅಡ್ಡಲಾಗಿ, ನೆಲದಿಂದ ಸೂರಿನವರೆಗೆ, ಹಿಂದೆ ಗಾಳಿಗೆ ಜಾಗ ಬಿಟ್ಟು. ನೂಲು ಹೊರಬರದಂತೆ ಒತ್ತಾದ ಬಟ್ಟೆ ಹೊದಿಸಲೇಬೇಕು. ಅದರಿಂದಲೂ 56ರ ಉಬ್ಬು ಪೂರ್ತಿ ಹೋಗುವುದಿಲ್ಲ, ಗುಂಗು ಬೇಗ ಅಡಗುತ್ತದೆ. ಉಳಿದದ್ದನ್ನು ಈಕ್ವಲೈಜರ್‌ನಲ್ಲಿ (ಬೇರೆ ಬೇರೆ ಸ್ವರದ ಜೋರನ್ನು ಏರಿಸಿ ಇಳಿಸುವ ಸಾಧನ) ಅದೇ 56 ಹರ್ಟ್ಸ್ ಜಾಗದಲ್ಲಿ ಐದಾರು ಡೆಸಿಬಲ್ ಇಳಿಸಿ. ಕೇಳಿಸದ ಸ್ವರವನ್ನು ಏರಿಸಲು ಮಾತ್ರ ಹೋಗಬೇಡಿ, ಆಂಪ್ಲಿಫೈಯರ್ ಸುಮ್ನೆ ದಣಿಯುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಸ್ಪೀಕರ್ ಗೋಡೆಗೆ ಹತ್ತಿರವೇ ಇಡಬೇಕು. ಸ್ಪೀಕರ್ ಪೆಟ್ಟಿಗೆಯ ಹಿಂದಿರುವ ತೂತಿಗೆ ಬಟ್ಟೆ ತುರುಕಬಹುದಾ?
– ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ. ಸುತ್ತಿದ ಕಾಲುಚೀಲ ಸಾಕು, ಒಳಗೆ ಬಿದ್ದುಹೋಗದಂತೆ ತುದಿ ಹೊರಗಿರಲಿ. ಕೆಳಗಿನ ಬೇಸ್ ಇಳಿಯುತ್ತದೆ, ಇದ್ದದ್ದು ಬಿಗಿಯಾಗುತ್ತದೆ. ಆದರೆ ತೂತು ಮುಚ್ಚಿದಾಗ ಸ್ಪೀಕರಿನ ಅದುರುವ ಕೋನ್ ಹೆಚ್ಚು ಅಲ್ಲಾಡಬೇಕಾಗುತ್ತದೆ, ವಾಲ್ಯೂಮ್ ಹದದಲ್ಲಿಡಿ.